ಒಂದೇ ಕೈಯಲ್ಲಿ ಕೌದಿ: ಪ್ಲಾಸ್ಟರ್ ದಿನಗಳ ದಿನಚರಿ

2025 ಆಗಸ್ಟ್ 4, ಸೋಮವಾರ

ಎಡ ಮಣಿಕಟ್ಟಿಗೆ ಪ್ಲಾಸ್ಟರ್ ಬಿದ್ದು ಇವತ್ತಿಗೆ 9 ದಿನ. ಒಟ್ಟು ಆರು ವಾರ ಇರುತ್ತದೆ. ಬಲಗೈ ಉಳಿದಿದೆಯಲ್ಲ ಎಂದು ನೋಡಲು ಬಂದವರೆಲ್ಲ ಸಮಾಧಾನ ಹೇಳುತ್ತಾರೆ. ಆದರೆ ಕೌದಿಯಲ್ಲಿ, ಅಂದರೆ ಹಳೆಯ ಅರಿವೆಯ ಪದರಗಳನ್ನು ಸೇರಿಸಿ ಕೈಯಲ್ಲೇ ಹೊಲಿಯುವ ಹೊದಿಕೆಯಲ್ಲಿ, ಬಲಗೈಯದು ಸೂಜಿ ದೂಡುವ ಕೆಲಸ ಮಾತ್ರ. ಅರಿವೆ ಬಿಗಿಯಾಗಿ ಹಿಡಿಯುವುದು, ತೇಪೆಯ ಅಂಚು ಒಳಗೆ ಮಡಚುವುದು, ಸೂಜಿಯ ಮೊನೆ ಎಲ್ಲ ಪದರ ದಾಟಿತೇ ಎಂದು ಅಡಿಯಿಂದ ಬೆರಳಲ್ಲಿ ತಿಳಿಯುವುದು, ಗಂಟು ಹಾಕುವುದು, ದಾರ ಪೋಣಿಸುವಾಗ ಸೂಜಿ ಹಿಡಿದಿರುವುದು, ಇವೆಲ್ಲ ಎಡಗೈಯವು. ಒಂದೊಂದಕ್ಕೂ ಬದಲಿ ಹುಡುಕಬೇಕು.

ಮೊದಲ ಎರಡು ವಾರ ಹೊಲಿಗೆ ಬೇಡ. ಬಾವು ಇಳಿಯಬೇಕಾದರೆ ಕೈ ಎದೆಗಿಂತ ಮೇಲಿರಬೇಕು. ಹೊಲಿಯಲು ಕೂತರೆ ಅದು ತಾನಾಗಿ ತೊಡೆಯ ಮೇಲೆ ಇಳಿಯುತ್ತದೆ. ಗಂಟೆಗೊಮ್ಮೆ ಬೆರಳುಗಳನ್ನು ಪೂರ್ತಿ ಮುಷ್ಟಿ ಮಾಡಿ ಬಿಚ್ಚುವುದು, ಹೆಬ್ಬೆರಳನ್ನು ನಾಲ್ಕೂ ಬೆರಳ ತುದಿಗೆ ತಾಗಿಸುವುದು ಹತ್ತತ್ತು ಸಲ. ಮೊಣಕೈ, ಭುಜವನ್ನೂ ಆಡಿಸಬೇಕು. ಇದನ್ನು ಬಿಟ್ಟರೆ ಪ್ಲಾಸ್ಟರ್ ತೆಗೆಯುವ ಹೊತ್ತಿಗೆ ಮಣಿಕಟ್ಟಿನ ಜೊತೆ ಬೆರಳೂ ಬಿಗಿದಿರುತ್ತವೆ, ಕೌದಿಗೆ ಬೇಕಾದದ್ದು ಆ ಬೆರಳುಗಳೇ. ಬೆರಳು ಜೋಮು ಹಿಡಿದರೆ, ನೀಲಿಯಾದರೆ, ನೋವು ಇಳಿಯದೆ ಏರುತ್ತಲೇ ಹೋದರೆ ಕಾಯಬಾರದು, ಅಂದೇ ಆಸ್ಪತ್ರೆಗೆ.

ಹೊಲಿಯುವವರಿಗೆ ಇನ್ನೊಂದು ಮಾತು. ಪ್ಲಾಸ್ಟರಿನೊಳಗೆ ತುರಿಕೆ ಬಂದಾಗ ಕೈಗೆ ಮೊದಲು ಸಿಗುವುದು ದಬ್ಬಣ ಇಲ್ಲವೇ ಹೆಣಿಗೆಯ ಕಡ್ಡಿ. ಒಳಗೆ ತೂರಿಸಬೇಡಿ. ಒಳಗೆ ಗೀರಿದ ಗಾಯ ಕಾಣುವುದಿಲ್ಲ, ತೊಳೆಯಲಾಗುವುದಿಲ್ಲ, ಕೀವಾದರೂ ಗೊತ್ತಾಗುವುದಿಲ್ಲ. ಹೊರಗಿನಿಂದ ತಟ್ಟಿದರೆ ಸಾಕಷ್ಟು ಕಡಿಮೆಯಾಗುತ್ತದೆ.

ಸದ್ಯಕ್ಕೆ ಒಂದು ಕೈಯಲ್ಲಾಗುವ ಕೆಲಸ ಅರಿವೆ ಆರಿಸುವುದು. ಕಿಟಕಿಯ ಬೆಳಕಿಗೆ ಇಳಿಬಿಟ್ಟು ನೋಡಿದರೆ ಸವೆದ ಜಾಗ ಜಾಳಾಗಿ ಕಾಣುತ್ತದೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ಸೀರೆ ಆ ಮಡಿಕೆಯ ಗೆರೆಯಲ್ಲೇ ಹರಿಯುವುದು, ಅಲ್ಲಿ ಹೆಬ್ಬೆರಳು ಒತ್ತಿ ನೋಡಬೇಕು. ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಒದ್ದೆ ಬಿಳಿ ಬಟ್ಟೆಯಿಂದ ಮೂಲೆಯನ್ನು ಉಜ್ಜಿದರಾಯಿತು. ಇಳಕಲ್ ಸೀರೆಯಲ್ಲಿ ಮೈ ಹತ್ತಿ, ಸೆರಗು ರೇಷ್ಮೆ ಇದ್ದರೆ ಎರಡನ್ನೂ ಒಂದೇ ಪದರಕ್ಕೆ ಹಾಕಬಾರದು: ತೊಳೆದಾಗ ಎರಡೂ ಒಂದೇ ಸಮನಾಗಿ ಕುಗ್ಗುವುದಿಲ್ಲ. ಮೈಗೂ ಸೆರಗಿಗೂ ನಡುವೆ ಕುಣಿಕೆ ಹಾಕಿ ಸೇರಿಸಿದ ಜಾಗ ದಪ್ಪ, ಅಲ್ಲಿ ಸೂಜಿ ಬಾಗುತ್ತದೆ. ಆ ಸೆರಗಿನ ಚೆಂದ ಮೇಲಿನ ತೇಪೆಗಳಲ್ಲೇ ಕಾಣಲಿ.

ಆಗಸ್ಟ್ 10, ಭಾನುವಾರ

ಲೆಕ್ಕ ಹಾಕಿದ್ದಾಯಿತು. ಐದೂವರೆ ಮೀಟರ್ ಸೀರೆಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿದರೆ ಆರು ಅಡಿ ಉದ್ದ, ಮೂರು ಮುಕ್ಕಾಲು ಅಡಿ ಅಗಲದ ಮೂರು ಪದರ ಸಿಗುತ್ತವೆ, ಕತ್ತರಿಯೇ ಬೇಡ. ಅಡಿಗೆ ಒಂದು ಧೋತರ, ಮೇಲೆ ತೇಪೆಗಳು. ಒಟ್ಟು ಐದು ಪದರ, ಒಬ್ಬರು ಹೊದೆಯುವ ಕೌದಿ. ಇದಕ್ಕಿಂತ ದಪ್ಪ ಬೇಡ. ಏಳು ಪದರವನ್ನು ಒಂದು ಕೈಯಲ್ಲಿ ಚುಚ್ಚುವುದಕ್ಕೆ ಬಲ ಹಾಕಿದರೆ ಆ ಕೈಯ ಹೆಬ್ಬೆರಳ ಬುಡ ನೋಯಲು ಶುರುವಾಗುತ್ತದೆ, ಇದ್ದ ಒಂದು ಕೈಯೂ ಕೆಲಸ ಬಿಡುತ್ತದೆ.

ಸಾಲಿನಿಂದ ಸಾಲಿಗೆ ಮುಕ್ಕಾಲು ಇಂಚು ಬಿಟ್ಟರೆ 45 ಇಂಚಿನ ಅಗಲಕ್ಕೆ 60 ಸಾಲು. ಒಂದು ಸಾಲು 1.8 ಮೀಟರ್, ಅಂದರೆ 108 ಮೀಟರ್ ಹೊಲಿಗೆ. ಎರಡು ಕೈ ಇದ್ದಾಗ ಒಂದು ಮಾರು ದಾರ ಹಾಕಿಕೊಳ್ಳುತ್ತೇವೆ. ಒಂದೇ ಕೈಗೆ ಅದು ಆಗದು. ಉದ್ದ ದಾರವನ್ನು ನಡುವೆ ತಡೆದು ಹಿಡಿಯಲು ಕೈ ಇರುವುದಿಲ್ಲ, ದಾರ ಸುತ್ತಿಕೊಂಡು ಗಂಟಾಗುತ್ತದೆ. ಕೂತಲ್ಲೇ ಒಂದೇ ಎಳೆತಕ್ಕೆ ಬರುವಷ್ಟು, ಅಂದರೆ 60 ಸೆಂಟಿಮೀಟರ್ ಸಾಕು. ತುದಿಗೆ ಬಿಟ್ಟದ್ದು, ಪದರದೊಳಗೆ ಹೋದದ್ದು ಕಳೆದರೆ ಒಂದು ಸೂಜಿಗೆ ಸುಮಾರು 40 ಸೆಂಟಿಮೀಟರ್ ಹೊಲಿಗೆ ಬರುತ್ತದೆ. ಹಾಗಾದರೆ ಇಡೀ ಕೌದಿಗೆ 270 ಸಲ ಸೂಜಿಗೆ ದಾರ ಪೋಣಿಸಬೇಕು. ಒಂದು ಕೈಯ ಕೌದಿಯಲ್ಲಿ ಬಹಳ ಹೊತ್ತು ತಿನ್ನುವುದು ಇದೇ.

ಅದಕ್ಕೇ 20 ಸೂಜಿ ಇಟ್ಟುಕೊಳ್ಳಬೇಕು. ಬೆಳಿಗ್ಗೆ ಮನೆಯವರು ಯಾರಾದರೂ ಹತ್ತು ನಿಮಿಷ ಕೂತು ಎಲ್ಲಕ್ಕೂ ದಾರ ಹಾಕಿ, ಜೇನುಮೇಣದ ಮೇಲೆ ಒಮ್ಮೆ ಎಳೆದು, ಹಳೆಯ ದಿಂಬಿಗೆ ಸಾಲಾಗಿ ಚುಚ್ಚಿಟ್ಟರೆ ದಿನದ ಕೆಲಸ ನಡೆಯುತ್ತದೆ. ಯಾರೂ ಇಲ್ಲದಿದ್ದರೆ ಒಣ ಸಾಬೂನಿನ ಬಿಲ್ಲೆಗೆ ಕಣ್ಣು ಮೇಲಾಗಿ ಸೂಜಿ ನೆಟ್ಟು ಪೋಣಿಸಬಹುದು. ಸೂಜಿಗೆ ಸಾಬೂನು ಹತ್ತಿದರೆ ಅರಿವೆಯಲ್ಲಿ ಸಲೀಸಾಗಿಯೂ ಜಾರುತ್ತದೆ. ರಾತ್ರಿ ಅಲ್ಲೇ ಬಿಟ್ಟರೆ ತುಕ್ಕು ಹಿಡಿಯುತ್ತದೆ, ಈ ಮಳೆಗಾಲದಲ್ಲಂತೂ ಖಂಡಿತ. ಸಂಜೆ ಎಣಿಸಿ 20 ಸೂಜಿಯೂ ಇವೆಯೇ ನೋಡುವುದನ್ನು ಮರೆಯಬಾರದು.

ಗಂಟಿನ ಗೊಡವೆ ಬಿಟ್ಟದ್ದು ಒಳ್ಳೆಯದಾಯಿತು. ಮೂರು ಇಂಚು ದಾರವನ್ನು ಪದರಗಳ ನಡುವೆ ತೂರಿಸಿ, ಬಂದ ಜಾಗಕ್ಕೇ ಹಿಂದಕ್ಕೆ ಎರಡು ಹೊಲಿಗೆ ಹಾಕಿ ಮುಂದೆ ಹೋದರೆ ತೊಳೆದರೂ ಬಿಚ್ಚುವುದಿಲ್ಲ. ಕತ್ತರಿಸಲು ದರ್ಜಿಗಳು ಇಟ್ಟುಕೊಳ್ಳುವ ಪುಟ್ಟ ದಾರದ ಕಟರ್ ಸಾಕು.

ಆಗಸ್ಟ್ 17, ಭಾನುವಾರ

ಜೋಡಿಸುವ ಕೆಲಸಕ್ಕೆ ಮಾತ್ರ ಇನ್ನೊಬ್ಬರು ಬೇಕೇ ಬೇಕು. ಸಾಮಾನ್ಯವಾಗಿ ಕೌದಿಯನ್ನು ಅಂಚಿನಿಂದ ಒಳಕ್ಕೆ ಸುತ್ತು ಬರುತ್ತ ಹೊಲಿಯುತ್ತೇವೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿಯೂ ಹಾಗೆಯೇ: ಮೂಲೆಯಿಂದ ಶುರುವಾಗಿ, ತೇಪೆ ಇಡುತ್ತ, ಮಡಚುತ್ತ ನಡುವಿಗೆ ಬಂದು ಮುಗಿಯುತ್ತದೆ. ಕೌದಿ ಹೊಲಿಗೆಯಲ್ಲಿ ಅದಕ್ಕಿಂತ ಚೆಂದದ ರೀತಿ ಇಲ್ಲ. ಆದರೆ ಅದರ ಜೀವವೆಲ್ಲ ಎಡಗೈಯಲ್ಲಿದೆ. ಒಳಪದರದಲ್ಲಿ ಸೇರುವ ಸಡಿಲನ್ನು ಎಡಗೈ ಪ್ರತಿ ಹೊಲಿಗೆಗೂ ಸವರಿ ತೆಗೆಯುತ್ತಿರುತ್ತದೆ. ಒಂದು ಕೈಯಲ್ಲಿ ಹಾಗೆ ಹೊಲಿದರೆ ಆ ಸಡಿಲೆಲ್ಲ ನಡುವಿಗೆ ಬಂದು ಉಬ್ಬಾಗಿ ನಿಲ್ಲುತ್ತದೆ, ಬಿಚ್ಚದೆ ಸರಿಯಾಗುವುದಿಲ್ಲ.

ಅದಕ್ಕೆ ಈ ಸಲ ನೇರ ಸಾಲು. ಐದೂ ಪದರ ನೆಲದ ಮೇಲೆ ಹಾಸಿ, ನಡುವಿನಿಂದ ಹೊರಕ್ಕೆ ಗೇಣಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿಸಬೇಕು. ನೆಲದ ಮೇಲಿನ ಈ ಕೆಲಸ ಪೂರ್ತಿ ಬೇರೆಯವರದೇ. ಪ್ಲಾಸ್ಟರ್ ಕೈಯಿರುವವರು ನೆಲದಿಂದ ಏಳುವಾಗ ಅಂಗೈ ಊರಿಯೇ ಏಳುತ್ತಾರೆ, ತಡೆಯಲಾಗುವುದಿಲ್ಲ.

ತೇಪೆಗಳಿಗೆ ಗಂಜಿ ಹಾಕಿಸಿದ್ದೇ ಎಡಗೈಗೆ ಸಿಕ್ಕ ದೊಡ್ಡ ಬದಲಿ. ಒಂದು ಲೋಟ ನೀರಿಗೆ ಒಂದು ಚಮಚ ಮೈದಾ ಕದಡಿ ಕುದಿಸಿ, ತೇಪೆಯ ಅಂಚಿಗೆ ಸವರಿ, ಅರ್ಧ ಇಂಚು ಒಳಗೆ ಮಡಚಿ ಇಸ್ತ್ರಿ ಮಾಡಿದರೆ ಮಡಿಕೆ ತಾನೇ ನಿಲ್ಲುತ್ತದೆ. ಗಂಜಿ ಹೆಚ್ಚಾದರೆ ಸೂಜಿ ಇಳಿಯುವುದಿಲ್ಲ. ಹಸಿಯಾಗಿ ಮಡಚಿಟ್ಟರೆ ಎರಡೇ ದಿನಕ್ಕೆ ಮುಗ್ಗಲು ವಾಸನೆ. ತೊಳೆಯದೆ ಉಳಿಸಿದರೆ ಇರುವೆ, ಜಿರಲೆ ಬರುತ್ತವೆ. ಹಾಗಾಗಿ ಈ ಕೌದಿಯನ್ನು ಮುಗಿದ ಮೇಲೆ ತೊಳೆಯದೆ ಹೊದೆಯುವಂತಿಲ್ಲ.

ಇನ್ನು ಹೊಲಿಗೆ. ಮೊಣಕೈ ಎತ್ತರದ ಮೇಜು, ಅದರ ಮೇಲೆ ಬೋರಲು ಹಾಕಿದ ಸ್ಟೀಲ್ ತಟ್ಟೆ, ಅದರ ಮೇಲೆ ಕೌದಿ. ಹೊಲಿಯುವ ಜಾಗದ ಎರಡೂ ಬದಿಗೆ ತಕ್ಕಡಿಯ ಒಂದೊಂದು ಕೆ.ಜಿ. ಕಲ್ಲು. ಕಬ್ಬಿಣದ ಕಲ್ಲನ್ನು ಬಟ್ಟೆಯಲ್ಲಿ ಸುತ್ತದಿದ್ದರೆ ತುಕ್ಕಿನ ಕಲೆ ಬೀಳುತ್ತದೆ, ಅದು ಸುಲಭಕ್ಕೆ ಹೋಗುವುದಿಲ್ಲ. ಸೂಜಿಯನ್ನು ಓರೆಯಾಗಿ ಇಳಿಸಿ ಒತ್ತಿದಾಗ ಮೊನೆ ತಟ್ಟೆಗೆ ತಾಗಿ ಟಿಕ್ ಎನ್ನುತ್ತದೆ. ಆ ಸದ್ದು ಬಂದರೆ ಐದೂ ಪದರ ದಾಟಿತು ಎಂದರ್ಥ. ಆಮೇಲೆ ಸೂಜಿಯನ್ನು ಮಲಗಿಸಿ ದೂಡಿದರೆ ಮೊನೆ ನುಣುಪಾದ ಸ್ಟೀಲಿನ ಮೇಲೆ ಜಾರಿ ತಾನೇ ಮೇಲೇಳುತ್ತದೆ. ಸದ್ದು ಬರುವ ಮೊದಲೇ ಮಲಗಿಸಿದರೆ ಅಡಿಯ ಧೋತರ ಹೊಲಿಗೆಗೆ ಸಿಗದೆ ಉಳಿಯುತ್ತದೆ. ಪ್ರತಿ ಸಾಲು ಮುಗಿದ ಮೇಲೆ ಮಗುಚಿ ನೋಡುವುದು ಒಳ್ಳೆಯದು. ಹತ್ತು ಸಾಲಾದ ಮೇಲೆ ಕಂಡರೆ ಹತ್ತನ್ನೂ ಬಿಚ್ಚಬೇಕಾಗುತ್ತದೆ. ತಟ್ಟೆಗೆ ತಾಗಿ ತಾಗಿ ಮೊನೆ ಮೊಂಡಾಗುತ್ತದೆ. ಅರಿವೆಯೊಳಗೆ ಇಳಿಯುವಾಗ ಸೂಜಿ ಪಟಪಟ ಎಂದರೆ ಅದನ್ನು ಬದಲಿಸಬೇಕು.

ಎರಡು ಕೈಯಲ್ಲಿ ಸೂಜಿಗೆ ಐದಾರು ಹೊಲಿಗೆ ಏರಿಸಿ ಎಳೆಯುತ್ತೇವೆ. ಈಗ ಒಂದು, ಹೆಚ್ಚೆಂದರೆ ಎರಡು. ಎಳೆಯುವಾಗ ಬೆರಳು ಜಾರಿದರೆ ಹಳೆಯ ಸೈಕಲ್ ಟ್ಯೂಬಿನ ಎರಡಿಂಚು ತುಂಡಿನಿಂದ ಸೂಜಿ ಹಿಡಿಯಬೇಕು. ಇದು ಬಲಗೈ ಹೆಬ್ಬೆರಳಿನ ಶ್ರಮವನ್ನು ಅರ್ಧ ಇಳಿಸುತ್ತದೆ. ಎಡಗೈ ತಡೆಯಿಲ್ಲದ್ದರಿಂದ ದಾರ ಎಳೆದಷ್ಟೂ ಅರಿವೆ ಸುಕ್ಕಾಗುತ್ತದೆ. ಗೇಣಿಗೊಮ್ಮೆ ನಿಂತು ಉಗುರಿನಿಂದ ಹೊಲಿಗೆಯನ್ನು ಹಿಂದಕ್ಕೆ ಸವರಿ ಸಡಿಲಿಸಬೇಕು.

20 ನಿಮಿಷ ಹೊಲಿಗೆ, 10 ನಿಮಿಷ ಎಡಗೈ ದಿಂಬಿನ ಮೇಲೆ. ಈ ವಾರ ದಿನಕ್ಕೆ ಐದೇ ಸೂಜಿ, ಆರು ಸಾಲಾದವು.

ಆಗಸ್ಟ್ 31, ಭಾನುವಾರ

40 ಸಾಲು. ದಿನಕ್ಕೆ ಹತ್ತು ಸೂಜಿ ನಡೆಯುತ್ತಿದೆ. 20 ಸೂಜಿಯ ಆಸೆ ಬಿಟ್ಟದ್ದು ಸರಿ. ಹದಿನೈದು ದಾಟಿದ ದಿನ ಹೊಲಿಗೆ ಕಾಲಿಂಚಿನಿಂದ ಅರ್ಧ ಇಂಚಿಗೆ ಹೋಗಿದ್ದು ಮಾರನೆಯ ಬೆಳಿಗ್ಗೆ ಕಾಣುತ್ತದೆ.

ಪ್ಲಾಸ್ಟರಿನ ಒರಟು ಅಂಚಿಗೆ ದಾರ ಸಿಕ್ಕಿಕೊಳ್ಳುತ್ತದೆ, ನೂಲಿನ ಚೂರು ಒಳಗೆ ಬಿದ್ದು ತುರಿಕೆ ಹೆಚ್ಚುತ್ತದೆ. ಬೆರಳ ಕಡೆ ಕತ್ತರಿಸಿದ ಹಳೆಯ ಕಾಲುಚೀಲ ತೊಡಿಸಿದರೆ ಎರಡೂ ನಿಲ್ಲುತ್ತವೆ.

ಮಶೀನ್ ಏಕೆ ಬಳಸಬಾರದು ಎಂದು ಕೇಳುವವರಿದ್ದಾರೆ. ಕಾಲು ಮಶೀನಿನಲ್ಲಿ ಬಲಗೈ ಚಕ್ರ ತಿರುಗಿಸಿದಾಗ ಅರಿವೆಗೆ ದಾರಿ ತೋರಿಸುವುದು ಎಡಗೈಯೇ. ಐದು ಪದರದ ಭಾರ ಒಂದು ಬದಿಗೆ ಜಗ್ಗಿ ಸೂಜಿ ಮುರಿಯುತ್ತದೆ. ತೇಪೆಯ ಪಟ್ಟಿಗಳನ್ನು ಒಂದಕ್ಕೊಂದು ಸೇರಿಸಲು ಮೋಟರ್ ಮಶೀನನ್ನು ನಿಧಾನ ವೇಗದಲ್ಲಿಟ್ಟರೆ ಆದೀತು, ಅಷ್ಟೇ.

ಸೆಪ್ಟೆಂಬರ್ 7, ಭಾನುವಾರ

ನಿನ್ನೆ ಎಕ್ಸ್‌ರೇ ನೋಡಿ ಪ್ಲಾಸ್ಟರ್ ತೆಗೆದರು. ಮಣಿಕಟ್ಟು ಮರಗಟ್ಟಿದಂತೆ ನಿಂತಿದೆ, ಚರ್ಮ ಹೊಟ್ಟು ಹೊಟ್ಟಾಗಿ ಏಳುತ್ತಿದೆ. ಆರು ವಾರದ ಮೇಲೆ ಇದು ಇರುವುದೇ. ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ, ಆಮೇಲೆ ಮುಂಗೈಯನ್ನು ಮೇಜಿನ ಮೇಲಿಟ್ಟು ಅಂಗೈಯನ್ನು ಅಂಚಿನಾಚೆ ಇಳಿಬಿಟ್ಟು ಮೇಲೆ ಕೆಳಗೆ, ಮೊಣಕೈ ಪಕ್ಕೆಗೆ ಒತ್ತಿ ಅಂಗೈ ಮೇಲೆ ಮಾಡಿ ಕೆಳಗೆ ಮಾಡಿ, ಹತ್ತು ಹತ್ತು ಸಲ. ಫಿಸಿಯೋಥೆರಪಿಯವರು ಕೊಟ್ಟ ಲೆಕ್ಕವನ್ನು ಮೀರಬಾರದು.

ಎಡಗೈ ಹೊಲಿಗೆಗೆ ಮರಳುವುದಕ್ಕೂ ಕ್ರಮ ಬೇಕು. ಅಂಗೈ ಕೆಳಗಾಗಿ ಅರಿವೆಯ ಮೇಲೆ ಇಟ್ಟು, ಕಲ್ಲಿನ ಬದಲು ಬರೀ ಭಾರವಾಗಿ ಕೂರುವುದು ಮೊದಲು. ಅದು ನೋವಿಲ್ಲದೆ ಆದ ಮೇಲೆ ಬೆರಳಿನಿಂದ ಸಡಿಲು ಸವರುವುದು, ಮಡಿಕೆ ಹಿಡಿಯುವುದು. ಕೌದಿಯ ಅಡಿಗೆ ಕೈ ಹಾಕಿ ಮೊನೆ ಹಿಡಿಯುವುದು ಕೊನೆಗೆ, ಏಕೆಂದರೆ ಅದಕ್ಕೆ ಅಂಗೈ ಪೂರ್ತಿ ಮೇಲಾಗಬೇಕು, ಆ ತಿರುವು ಬರುವುದು ತಡ. ಆತುರಪಟ್ಟರೆ ಮಣಿಕಟ್ಟು ತಿರುಗದಿದ್ದುದಕ್ಕೆ ಭುಜ ಬಾಗುತ್ತದೆ, ಸಂಜೆಗೆ ಕುತ್ತಿಗೆ ಹಿಡಿಯುತ್ತದೆ. ಹೊಲಿದ ನೋವು ಒಂದೆರಡು ತಾಸಿಗೆ ಇಳಿದರೆ ಚಿಂತೆಯಿಲ್ಲ. ಬೆಳಿಗ್ಗೆಯೂ ಬಾವು ಇದ್ದರೆ ಇವತ್ತು ನಿನ್ನೆಯ ಅರ್ಧ ಮಾತ್ರ.

ಸೆಪ್ಟೆಂಬರ್ 21, ಭಾನುವಾರ, ಮಹಾಲಯ ಅಮಾವಾಸ್ಯೆ

60 ಸಾಲೂ ಮುಗಿದವು. ಮೂಲೆಗಳಿಗೆ ಸಿದ್ದಿಯರ ಕೌದಿಯಲ್ಲಿರುವಂತೆ ಫುಲಾ ಇಟ್ಟದ್ದಾಗಿದೆ: ನಾಲ್ಕಿಂಚು ಚೌಕವನ್ನು ಓರೆಗೆ ಎರಡು ಸಲ ಮಡಚಿದ ತ್ರಿಕೋನಗಳು, ಒಂದರ ಮೇಲೊಂದು ಮೂರು ಮೂರು. ಎಡಗೈಯ ಹೆಬ್ಬೆರಳು, ತೋರುಬೆರಳಿಗೆ ಇದಕ್ಕಿಂತ ಹಿತವಾದ ಕೆಲಸ ಈಗ ಬೇರೆ ಇಲ್ಲ. ಚಿಕ್ಕದು, ಹಗುರ, ಬಲ ಬೇಡ.

ನಾಳೆ ನವರಾತ್ರಿಯ ಘಟ್ಟ ಹಾಕುವುದರಿಂದ ಊರಲ್ಲೆಲ್ಲ ಹಾಸಿಗೆ ಹೊದಿಕೆ ತೊಳೆಯುವ ಗಡಿಬಿಡಿ. ಈ ಕೌದಿಯ ಗಂಜಿಯೂ ಹೋಗಬೇಕು. ಆದರೆ ಒಣಗಿದ್ದಾಗ ಸುಮಾರು ಒಂದು ಕೆ.ಜಿ. ತೂಗುವ ಕೌದಿ ನೆನೆದಾಗ ಎರಡು ಮೂರು ಪಟ್ಟಾಗುತ್ತದೆ, ಹಿಂಡುವಾಗ ಮಣಿಕಟ್ಟು ಭಾರ ಹೊತ್ತೇ ತಿರುಚಬೇಕು. ಪ್ಲಾಸ್ಟರ್ ತೆಗೆದು ಹದಿನೈದು ದಿನಕ್ಕೆ ಮಾಡಲೇಬಾರದ ಕೆಲಸ ಇದು, ಬೇರೆಯವರು ತೊಳೆಯಲಿ. ಅವರಿಗೂ ಹೇಳಬೇಕಾದದ್ದು: ಹಿಂಡದೆ, ಕಲ್ಲಿನ ಮೇಲೆ ಒತ್ತಿ ನೀರು ಇಳಿಸಿ. ಹೊಸ ಹೊಲಿಗೆ ಹಿಂಡಿದರೆ ಹಳೆಯ ಅರಿವೆಯನ್ನೇ ಕೊಯ್ಯುತ್ತದೆ. ಒಂದೇ ಹಗ್ಗಕ್ಕೆ ನೇತುಹಾಕಿದರೆ ಒದ್ದೆ ಭಾರಕ್ಕೆ ಸಾಲು ಜಗ್ಗುತ್ತವೆ, ಎರಡು ಹಗ್ಗದ ಮೇಲೆ ಅಡ್ಡ ಹಾಸಿ. ಒಣಗಿದ ಮೇಲೆ ಒಂದು ತೇಪೆಯನ್ನು ಬೆರಳಲ್ಲಿ ಮಡಚಿ ಬಿಟ್ಟು ನೋಡಿ. ಮಡಿಕೆಯ ಗೆರೆ ಗಟ್ಟಿಯಾಗಿ ನಿಂತರೆ ಗಂಜಿ ಇನ್ನೂ ಇದೆ, ಮತ್ತೊಂದು ನೀರು ಬೇಕು.