ನೀಲಿಯಾದ ಕೋಶಗಳು

ಪಿಎಚ್‌ಡಿಗೆ ಸೇರಿದ ಹೊಸದರಲ್ಲಿ ನನ್ನ ಪಾಲಿಗೆ ಬಂದದ್ದು ಕೋಶ ಬೆಳೆಸುವ ಕೆಲಸ. ಮನುಷ್ಯರ ಚರ್ಮಕ್ಕೆ ಆಧಾರವಾದ ನಾರು ಹೆಣೆಯುವ ಫೈಬ್ರೊಬ್ಲಾಸ್ಟ್ ಕೋಶಗಳು. ಫ್ಲಾಸ್ಕಿನ ತಳ ತುಂಬಿದಾಗ ಟ್ರಿಪ್ಸಿನ್ ಅನ್ನುವ ಕಿಣ್ವ ಹಾಕಿ ತಳದಿಂದ ಬಿಡಿಸಬೇಕು, ಅರ್ಧರ್ಧ ಮಾಡಿ ಎರಡು ಹೊಸ ಫ್ಲಾಸ್ಕಿಗೆ ಹಾಕಬೇಕು, ಎಷ್ಟನೇ ಸಲ ಅಂತ ಮಾರ್ಕರ್‌ನಲ್ಲಿ ಬರೆಯಬೇಕು. ಅವು ವಿಭಜನೆಯಾಗುವುದನ್ನು ತಾವಾಗಿ ನಿಲ್ಲಿಸುವ ತನಕ ಹೀಗೇ.

ನಿಂತೇ ನಿಲ್ಲುತ್ತವೆ ಅನ್ನುವುದು ಈಗ ಪಠ್ಯಪುಸ್ತಕದಲ್ಲಿದೆ. ಹಿಂದೆ ಇದನ್ನು ಹೇಳಿದರೆ ನಂಬುವವರಿರಲಿಲ್ಲ. ನ್ಯೂಯಾರ್ಕಿನಲ್ಲಿ ಅಲೆಕ್ಸಿಸ್ ಕ್ಯಾರೆಲ್ ಅನ್ನುವ ವಿಜ್ಞಾನಿ 1912ರಲ್ಲಿ ಕೋಳಿ ಭ್ರೂಣದ ಹೃದಯದ ತುಣುಕಿನಿಂದ ಬೆಳೆಸಿದ ಕೋಶಗಳು ದಶಕಗಟ್ಟಲೆ ಬದುಕಿವೆ ಅಂತ ಎಲ್ಲರೂ ಒಪ್ಪಿಕೊಂಡಿದ್ದರು. ಕೋಶ ನಿಂತರೆ ಬೆಳೆಸಿದವರದೇ ತಪ್ಪು ಅನ್ನುತ್ತಿದ್ದರು. 1961ರಲ್ಲಿ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿದ್ದ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಈ ಮಾತನ್ನು ಅಲ್ಲಗಳೆದರು. ಸುಮಾರು 40 ಸಲ ಇಮ್ಮಡಿಸಿದ್ದ ಗಂಡು ಕೋಶಗಳನ್ನೂ (ಅಂದರೆ ಗಂಡಿನ ದೇಹದಿಂದ ಬಂದವು) ಬರೀ 10 ಸಲ ಇಮ್ಮಡಿಸಿದ್ದ ಹೆಣ್ಣು ಕೋಶಗಳನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಿ ಬೆಳೆಸಿದರು. ಕೊನೆಗೆ ನೋಡಿದರೆ ಉಳಿದಿದ್ದು ಹೆಣ್ಣು ಕೋಶಗಳು ಮಾತ್ರ. ಊಟ ಒಂದೇ, ಕೈ ಒಂದೇ. ಅಂದರೆ ಲೆಕ್ಕ ಕೋಶದ ಒಳಗೇ ಇದೆ, ಅಲ್ವಾ? ಇಷ್ಟು ಸರಳವಾಗಿ ಇಷ್ಟು ದೊಡ್ಡ ಮಾತು ಹೇಳಿದ ಪ್ರಯೋಗ ನನಗೆ ಇನ್ನೊಂದು ಗೊತ್ತಿಲ್ಲ.

ನನ್ನ ಫ್ಲಾಸ್ಕುಗಳಿಗೂ ಆ ಕಾಲ ಬಂತು. ಕೋಶಗಳು ಚೆನ್ನಾಗಿ ಬೆಳೆಯುವಾಗ ಗುಲಾಬಿ ಬಣ್ಣದ ಮೀಡಿಯಾ, ಅಂದರೆ ಅವುಗಳ ಊಟದ ದ್ರವ, ಮೆಲ್ಲಗೆ ಹಳದಿಗೆ ತಿರುಗುತ್ತದೆ. ಈಗ ದಿನಗಟ್ಟಲೆ ಇಟ್ಟರೂ ಗುಲಾಬಿಯೇ. ತಳದಲ್ಲಿ ಜಾಗ ಖಾಲಿ ಇತ್ತು, ಆದರೂ ಯಾವುದೂ ವಿಭಜನೆಯಾಗುತ್ತಿರಲಿಲ್ಲ. ಮುಪ್ಪಾಗಿವೆಯಾ ಅಂತ ಬಣ್ಣ ಹಾಕಿ ನೋಡೋಣ ಅಂದರು ನನ್ನ ಗೈಡ್ ಸರ್. 1995ರಲ್ಲಿ ಜೂಡಿತ್ ಕ್ಯಾಂಪಿಸಿ ಅವರ ತಂಡ ಪ್ರಕಟಿಸಿದ ವಿಧಾನ ಅದು. ಮುಪ್ಪಾದ ಕೋಶದಲ್ಲಿ, ಅಂದರೆ ಹೀಗೆ ವಿಭಜನೆ ನಿಲ್ಲಿಸಿದ ಕೋಶದಲ್ಲಿ, ಬೀಟಾ ಗ್ಯಾಲಕ್ಟೊಸಿಡೇಸ್ ಅನ್ನುವ ಕಿಣ್ವ ಜಾಸ್ತಿ ಇರುತ್ತದೆ. ಪಿಎಚ್ 6ರಲ್ಲಿ, ಅಂದರೆ ತುಸುವೇ ಆಮ್ಲೀಯವಾದ ದ್ರವದಲ್ಲಿ, ಎಕ್ಸ್‌ಗ್ಯಾಲ್ ಅನ್ನುವ ರಾಸಾಯನಿಕ ಹಾಕಿದರೆ ಆ ಕೋಶ ನೀಲಿಯಾಗುತ್ತದೆ.

ಲ್ಯಾಬಿನಲ್ಲಿ ಒಬ್ಬ ಸೀನಿಯರ್ ಇದ್ದರು, ನಮಗೆಲ್ಲ ಅಕ್ಕ. "ಸಿಒಟೂ ಇರೋ ಇನ್‌ಕ್ಯುಬೇಟರಲ್ಲಿ ಇಡಬೇಡ ಕಣೇ, ಪಿಎಚ್ ಇಳಿದುಬಿಡುತ್ತೆ," ಅಂದರು. ಸಿಒಟೂ ಅಂದರೆ ಕಾರ್ಬನ್ ಡೈಆಕ್ಸೈಡ್, ಅದು ಕರಗಿ ದ್ರವ ಇನ್ನೂ ಆಮ್ಲೀಯವಾಗುತ್ತದೆ. ಹಾಗೆ ಪಿಎಚ್ ಇಳಿದರೆ ಎಳೇ ಕೋಶಗಳೂ ನೀಲಿಯಾಗುತ್ತವೆ, ಪ್ರಯೋಗ ಕೆಟ್ಟಂತೆಯೇ. ಪ್ಲೇಟುಗಳನ್ನು ಬೇರೆ ಇನ್‌ಕ್ಯುಬೇಟರಿನಲ್ಲಿ 37 ಡಿಗ್ರಿಯಲ್ಲಿಟ್ಟು ಹಾಸ್ಟೆಲಿಗೆ ಹೋದೆ. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಬೆಳಗ್ಗೆ ಮೊದಲು ಎಳೇ ಕೋಶಗಳ ಪ್ಲೇಟು ನೋಡಿದೆ. ತೆಳ್ಳಗೆ, ಉದ್ದಕ್ಕೆ, ಒಂದರ ಪಕ್ಕ ಒಂದು ಸಾಲಾಗಿ ಮಲಗಿದ್ದವು. ನೀಲಿ ಎಲ್ಲೋ ಒಂದೊಂದು. ಆಮೇಲೆ ಇನ್ನೊಂದು ಪ್ಲೇಟು. ಕಾವಲಿ ಮೇಲೆ ಒಡೆದ ಮೊಟ್ಟೆಯ ಹಾಗೆ ಕೋಶಗಳು ಚಪ್ಪಟೆಯಾಗಿ ಹರಡಿಕೊಂಡಿದ್ದವು. ಒಂದೊಂದೂ ಎಳೆಯದರ ಹಲವು ಪಟ್ಟು ದೊಡ್ಡದು. ನ್ಯೂಕ್ಲಿಯಸ್ಸಿನ ಸುತ್ತ ದಟ್ಟ ನೀಲಿ, ಅಂಚಿಗೆ ಹೋದಂತೆ ತಿಳಿ. "ಅಕ್ಕಾ, ಬನ್ನಿ ಬೇಗ!" ಅಂತ ಕೂಗಿಬಿಟ್ಟೆ.

ಇವು ಸತ್ತ ಕೋಶಗಳಲ್ಲ, ಅದೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ವಿಭಜನೆ ಬಿಟ್ಟ ಮೇಲೂ ತಿಂಗಳುಗಟ್ಟಲೆ ಬದುಕಿರುತ್ತವೆ, ಉರಿಯೂತ ತರುವ ಪ್ರೋಟೀನುಗಳನ್ನು ಸುತ್ತ ಹರಡುತ್ತಿರುತ್ತವೆ. ಬೇಗ ಮುಪ್ಪಾಗುವಂಥ ಇಲಿಗಳಲ್ಲಿ ಇಂಥ ಕೋಶಗಳನ್ನು ತೆಗೆದುಹಾಕಿದರೆ ಕಣ್ಣಿನ ಪೊರೆ, ಸ್ನಾಯು ಸವೆತ ತಡವಾಗಿ ಬರುತ್ತವೆ ಅಂತ 2011ರಲ್ಲಿ ಮೇಯೊ ಕ್ಲಿನಿಕ್ಕಿನವರು ತೋರಿಸಿದರು.

ಹಾಗಂತ ಎಲ್ಲವನ್ನೂ ಸುಮ್ನೆ ಗುಡಿಸಿ ಹಾಕೋಣ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಹೀಗೆ ನಿಲ್ಲುವುದು ಕ್ಯಾನ್ಸರಿಗೆ ದೇಹ ಹಾಕುವ ತಡೆ. ಪ್ರತಿ ವಿಭಜನೆಯಲ್ಲೂ ವರ್ಣತಂತುವಿನ ತುದಿಯ ಟೆಲೊಮಿಯರ್ ಚೂರು ಚೂರೇ ಸವೆಯುತ್ತದೆ, ಸವೆದು ಗಿಡ್ಡವಾದಾಗ ಕೋಶ ನಿಲ್ಲುತ್ತದೆ. ನೂರಕ್ಕೆ 85–90 ಕ್ಯಾನ್ಸರುಗಳು ಟೆಲೊಮರೇಸ್ ಅನ್ನುವ ಕಿಣ್ವವನ್ನು ಎಬ್ಬಿಸಿ ಆ ತುದಿಯನ್ನು ಮತ್ತೆ ಕಟ್ಟಿಕೊಳ್ಳುತ್ತವೆ, ಅದಕ್ಕೇ ಅವು ನಿಲ್ಲುವುದೇ ಇಲ್ಲ. ಗಾಯ ಮಾಯುವುದಕ್ಕೂ ಈ ಮುಪ್ಪಿನ ಕೋಶಗಳು ನೆರವಾಗುತ್ತವೆ.

ಮದುವೆ ಮನೆಗೆ ಹೋದರೆ ಚಿಕ್ಕಮ್ಮಂದಿರು ಕೇಳುತ್ತಾರೆ: "ಮುಪ್ಪು ಬರದಂಗೆ ಮಾತ್ರೆ ಕಂಡುಹಿಡಿದ್ಯೇನೇ?" ಇಲ್ಲ ಚಿಕ್ಕಮ್ಮ, ಟೆಲೊಮಿಯರ್ ಹೆಸರು ಹೇಳಿ ಮಾರುವ ಮಾತ್ರೆಗೂ ದುಡ್ಡು ಹಾಕಬೇಡಿ ಅನ್ನುತ್ತೇನೆ. ಗಾಯದ ಹೊತ್ತಿಗೆ ಬಂದು ಕೆಲಸ ಮುಗಿಸಿ ಹೋಗುವ ಕೋಶ ಯಾವುದು, ಮಂಡಿಯಲ್ಲಿ ವರ್ಷಗಟ್ಟಲೆ ಕೂತು ನೋವು ಕೊಡುವುದು ಯಾವುದು ಅಂತ ಆ ನೀಲಿ ಬಣ್ಣ ಹೇಳುವುದಿಲ್ಲ. ಎರಡನ್ನೂ ಬೇರೆ ಮಾಡಿ ತೋರಿಸುವ ಗುರುತು ಹುಡುಕುವುದೇ ನನ್ನ ಈಗಿನ ಕೆಲಸ.