ಬ್ರಹ್ಮಗಿರಿಯ ನೆತ್ತಿಯಲ್ಲಿ ನಮ್ಮೂರಿನ ನೀರು

ಬ್ರಹ್ಮಗಿರಿಗೆ ಹೋಗಿದ್ದೆ ಅಂದರೆ "ತಲಕಾವೇರೀಲಿ ಮೆಟ್ಟಿಲು ಹತ್ತಿ ಹೋಗ್ತೀವಲ್ಲ, ಅದೇ ತಾನೆ?" ಅಂತ ಕೇಳುವವರೇ ಜಾಸ್ತಿ. ಅದಲ್ಲ. ಅಶೋಕನ ಶಾಸನ ಸಿಕ್ಕ ಮೊಳಕಾಲ್ಮೂರು ಕಡೆಯ ಬ್ರಹ್ಮಗಿರಿಯೂ ಅಲ್ಲ. ಇದು ಕೊಡಗಿನ ದಕ್ಷಿಣದ ಅಂಚಿನಲ್ಲಿ, ಕುಟ್ಟ ಮತ್ತು ಶ್ರೀಮಂಗಲದ ಮೇಲುಗಡೆ ಇರುವ ಬೆಟ್ಟಸಾಲು. ಶಿಖರ 1608 ಮೀಟರ್. ಈಚೆ ಮಗ್ಗುಲು ಕರ್ನಾಟಕ, ಆಚೆ ಮಗ್ಗುಲು ಕೇರಳದ ವಯನಾಡು. ಎತ್ತರದ ಲೆಕ್ಕದಲ್ಲಿ ಕೊಡಗಿನ ಇನ್ನೊಂದು ಬೆಟ್ಟ ತಡಿಯಂಡಮೋಳೇ ದೊಡ್ಡದು, ಹೆಸರೂ ಅದಕ್ಕೇ ಜಾಸ್ತಿ. ನನಗೆ ಮಾತ್ರ ಈಗ ಇದೇ ಮೇಲು.

ಮೊದಲು ಕಹಿ ವಿಷಯ ಹೇಳಿಬಿಡುತ್ತೇನೆ. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಜೊತೆಗೆ ಗೈಡ್ ಇರಲೇಬೇಕು. ನಾವು ಉಳಿದುಕೊಂಡ ಹೋಂಸ್ಟೇಯವರು "ಎಲ್ಲಾ ನಾವೇ ಮಾಡಿಸಿಡ್ತೀವಿ, ನೀವು ಬಂದ್ರೆ ಸಾಕು" ಅಂತ ದುಡ್ಡು ಹಾಕಿಸಿಕೊಂಡಿದ್ದರು. ಬೆಳಿಗ್ಗೆ ಬೂಟು ಬಿಗಿದು ಗೇಟಿಗೆ ಹೋದರೆ ಪಟ್ಟಿಯಲ್ಲಿ ನಮ್ಮ ಹೆಸರೇ ಇಲ್ಲ. ಫೋನು ಮಾಡೋಣವೆಂದರೆ ನೆಟ್‌ವರ್ಕ್ ಇಲ್ಲ. ಆ ದಿನ ಪೂರ್ತಿ ಹಾಳು. ದುಡ್ಡು ಇವತ್ತಿಗೂ ವಾಪಸ್ ಬಂದಿಲ್ಲ. ಆದ್ದರಿಂದ ಬುಕಿಂಗ್ ನೀವೇ ಮಾಡಿ, ರಸೀದಿಯನ್ನು ಕಾಗದದ ಮೇಲೆ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವುದುಂಟು, ಮಳೆಗಾಲದಲ್ಲೂ ಬಿಡುವುದಿಲ್ಲ ಅಂದುಕೊಂಡೇ ಹೊರಡುವುದು ಒಳ್ಳೆಯದು. ನಾವು ಹೋದದ್ದು ಮಳೆ ಮುಗಿದು ಹುಲ್ಲು ಇನ್ನೂ ಹಸಿರಾಗಿದ್ದ ದಿನಗಳಲ್ಲಿ.

ಹಾಳಾದ ದಿನವನ್ನು ಇರ್ಪು ಜಲಪಾತದಲ್ಲಿ ಕಳೆದೆವು. ಜಲಪಾತ ಚೆನ್ನಾಗಿಯೇ ಇದೆ. ಆದರೆ ಧಾರೆಯ ಕೆಳಗೆ ಸೆಲ್ಫಿಗೆ ಕಿರುಚಾಟ, ಕಲ್ಲಿನ ಸಂದಿಯಲ್ಲಿ ಶಾಂಪೂ ಚೀಟಿಗಳು. ಕೆಳಗಿನ ರಾಮೇಶ್ವರ ದೇವಸ್ಥಾನದ ಅಂಗಳವೇ ಎಷ್ಟೋ ವಾಸಿ. ಬಾಯಾರಿದ ರಾಮನಿಗಾಗಿ ಲಕ್ಷ್ಮಣ ಬೆಟ್ಟಕ್ಕೆ ಬಾಣ ಬಿಟ್ಟು ತರಿಸಿದ ನೀರು ಇದು, ಅದಕ್ಕೇ ಲಕ್ಷ್ಮಣತೀರ್ಥ ಅನ್ನುತ್ತಾರೆ. ರಾತ್ರಿ ಊಟಕ್ಕೆ ಅಕ್ಕಿತರಿಯ ಉಂಡೆ ಕಡಂಬುಟ್ಟು, ಹಂದಿಮಾಂಸದ ಪಂದಿ ಕರಿ. ಹೋಂಸ್ಟೇಯವರ ಮೇಲೆ ಎಷ್ಟು ಸಿಟ್ಟಿದ್ದರೂ ಕರಿಗೆ ಹಾಕಿದ ಆ ಕಾಚಂಪುಳಿಯ ಹುಳಿಗೆ ಮನಸ್ಸು ಸ್ವಲ್ಪ ಕರಗಿತು.

ಮರುದಿನ ಹತ್ತಿದೆವು. ಜಲಪಾತದ ಪಕ್ಕದಿಂದ ನರಿಮಲೆ ಕ್ಯಾಂಪಿನವರೆಗೆ ದಾರಿ ಹೆಚ್ಚಾಗಿ ಕಾಡಿನೊಳಗೇ. ತರಗೆಲೆಯ ಮೇಲೆ ನಿಂತರೆ ಉಂಬಳ ಹತ್ತುತ್ತದೆ. ಸುಣ್ಣ ಬೆರೆಸಿದ ಹೊಗೆಸೊಪ್ಪಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಗೈಡ್ ಅಣ್ಣ ನಮ್ಮ ಕಾಲಿಗೆಲ್ಲ ಒತ್ತಿದರು. ಅಂಗಡಿಯಿಂದ ತಂದ ಸ್ಪ್ರೇಗಿಂತ ಅದೇ ಕೆಲಸ ಮಾಡಿತು.

ನರಿಮಲೆ ದಾಟಿದ ಮೇಲೆ ಕಾಡು ತಟ್ಟನೆ ಮುಗಿದು ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ದಿಣ್ಣೆಗಳ ಮೇಲೆ ಬರೀ ಹುಲ್ಲು, ದಿಣ್ಣೆ ದಿಣ್ಣೆಗಳ ನಡುವಿನ ಮಡಿಕೆಗಳಲ್ಲಿ ಮಾತ್ರ ಕಪ್ಪುಹಸಿರು ಕಾಡು. ಅದೇ ಶೋಲಾ. "ಮಧ್ಯೆ ಇರೋ ಮರ ಎಲ್ಲ ಕಡಿದುಬಿಟ್ರಾ?" ಅಂತ ನಮ್ಮ ಗುಂಪಿನ ಹುಡುಗನೊಬ್ಬ ಕೇಳಿದ. ಯಾರೂ ಕಡಿದಿಲ್ಲ. ದಿಣ್ಣೆಯ ಮೇಲೆ ಮಣ್ಣಿನ ಪದರ ತೆಳು, ಗಾಳಿ ಹೊಡೆತ ಜೋರು, ಒಣಗಿದ ಹುಲ್ಲಿಗೆ ಬೆಂಕಿ ಬೀಳುವ ಅಪಾಯ ಬೇರೆ. ಮರದ ಸಸಿ ಅಲ್ಲಿ ನೆಲೆ ಹಿಡಿಯುವುದು ಕಷ್ಟ. ಮಡಿಕೆಯಲ್ಲಿ ಮಣ್ಣು ಆಳವಾಗಿದೆ, ನೀರಿದೆ, ಗಾಳಿಗೆ ಮರೆಯಿದೆ. ಬಿಸಿಲಿನಿಂದ ಶೋಲಾದೊಳಗೆ ನಾಲ್ಕು ಹೆಜ್ಜೆ ಇಟ್ಟರೆ ಕುತ್ತಿಗೆಯ ಬೆವರು ತಣ್ಣಗಾಗುತ್ತದೆ. ಮರಗಳು ಅಂಥ ಎತ್ತರವಿಲ್ಲ, ಕೊಂಬೆ ಕೊಂಬೆಗೂ ಪಾಚಿ. ಅಣ್ಣ ಒಂದು ಹಿಡಿ ಪಾಚಿಯನ್ನು ಬೆರಳಲ್ಲಿ ಒತ್ತಿದರು. ಮೊಣಕೈವರೆಗೆ ನೀರಿಳಿಯಿತು. ಮಳೆ ಬಂದು ಎಷ್ಟೋ ದಿನವಾಗಿತ್ತು. ಹಿಂಡಿದ್ದನ್ನು ಬಿಸಾಡದೆ ತೆಗೆದ ಜಾಗಕ್ಕೇ ಒತ್ತಿಟ್ಟರು.

ಏಣಿನ ಮೇಲೆ, ಅಂದರೆ ಬೆಟ್ಟದ ಎರಡು ಇಳಿಜಾರು ಕೂಡುವ ನೆತ್ತಿಯ ಅಂಚಿನಲ್ಲಿ, ನಿಂತಾಗ ಹೊತ್ತು ಹತ್ತೂವರೆ ಇರಬೇಕು. ವಯನಾಡಿನ ಕಣಿವೆಯಿಂದ ಮೋಡ ಮೇಲಕ್ಕೇರುತ್ತಿತ್ತು. ಬಿಸಿಯಾದ ಗಾಳಿ ಇಳಿಜಾರು ಹತ್ತುತ್ತಾ ತಣ್ಣಗಾಗಿ ಮೋಡವಾಗುತ್ತದೆ. ಏಣು ದಾಟಿ ಕೊಡಗಿನ ಕಡೆಗೆ ಇಳಿಯುವಾಗ ಮತ್ತೆ ಬೆಚ್ಚಗಾಗಿ ಆರಿಹೋಗುತ್ತದೆ. ಮುಂಗಾರಿನಲ್ಲಿ ಅರಬ್ಬಿ ಸಮುದ್ರದ ಮೋಡಕ್ಕೂ ಇದೇ ಕಥೆ. ಬಹುಪಾಲು ನೀರನ್ನು ಘಟ್ಟದ ನೆತ್ತಿಯಲ್ಲೇ ಸುರಿದು ಮುಗಿಸುತ್ತದೆ, ಮೈಸೂರಿಗೆ ಬರುವ ಹೊತ್ತಿಗೆ ವರ್ಷಕ್ಕೆ 800 ಮಿಲಿಮೀಟರ್ ಆಸುಪಾಸು ಉಳಿಯುತ್ತದೆ.

ಹುಲ್ಲಿನಲ್ಲಿ ಕೂತು ಚಪಾತಿ ಬಿಚ್ಚಿದೆವು. ಅಣ್ಣ ಕೇಳಿದರು, "ಅಕ್ಕಂದು ಯಾವೂರು?"

"ಟಿ. ನರಸೀಪುರ."

"ಓ, ಹೊಳೆ ಕೂಡೋ ಜಾಗ. ನಾನು ಬಂದಿದೀನಿ. ಶುಂಠಿ ಕೆಲಸಕ್ಕೆ ಕರ್ಕೊಂಡು ಹೋಗಿದ್ರು, ಆಗ ಭಾನುವಾರ ಸಂಗಮಕ್ಕೆ ಹೋಗಿ ಮುಳುಗಿ ಬಂದ್ವಿ." ಸ್ವಲ್ಪ ಹೊತ್ತು ಅಗಿಯುತ್ತಾ ಕೂತವರು, "ಅಲ್ಲಿ ಕೂಡೋ ಎರಡೂ ನೀರು ಇಲ್ಲಿಂದಾನೂ ಹೋಗುತ್ತೆ ಅಕ್ಕ" ಅಂದರು.

ನನಗೆ ತಕ್ಷಣ ಹೊಳೆಯಲಿಲ್ಲ. ಅವರು ನನ್ನ ನೀರಿನ ಬಾಟಲಿ ತಗೊಂಡು ಈ ಕಡೆ ಹುಲ್ಲಿಗೆ ಒಂದಿಷ್ಟು ಚೆಲ್ಲಿದರು. "ಇದು ಇರ್ಪು, ಲಕ್ಷ್ಮಣತೀರ್ಥ. ಹುಣಸೂರು ಮೇಲೆ ಹೋಗಿ ಕನ್ನಂಬಾಡಿ ಹಿನ್ನೀರು ಸೇರುತ್ತೆ." ಕನ್ನಂಬಾಡಿ ಕಟ್ಟೆಯಿಂದ ಮುಂದಕ್ಕೆ ಶ್ರೀರಂಗಪಟ್ಟಣ, ಅಲ್ಲಿಂದ ನಮ್ಮೂರು, ಅದು ನನಗೆ ಗೊತ್ತು. ಆಮೇಲೆ ಆಚೆ ಕಡೆ ಚೆಲ್ಲಿದರು. "ಇದು ತಿರುನೆಲ್ಲಿ. ಪಾಪನಾಶಿನಿ, ಕಾಳಿಂದಿ ಹೊಳೆ, ಬಾವಲಿ ದಾಟಿ ಕಬಿನಿ." ಕಬಿನಿ ಮುಂದೆ ನಂಜನಗೂಡು, ಆಮೇಲೆ ನಮ್ಮೂರು.

ನಾನು ಹುಟ್ಟಿ ಬೆಳೆದದ್ದು ಆ ಸಂಗಮದ ಮೆಟ್ಟಿಲ ಹತ್ತಿರ. 1989ರಲ್ಲಿ ಶುರುವಾದ ಕುಂಭಮೇಳದ ಜನಜಾತ್ರೆಯನ್ನು ಮನೆಯ ಜಗಲಿಯಿಂದ ನೋಡಿದವಳು. ಜುಲೈ ಬಂತೆಂದರೆ ಅಪ್ಪ ರೇಡಿಯೋ ಮುಂದೆ ಕೂತು "ವಯನಾಡಲ್ಲಿ ಮಳೆಯಂತೆ" ಅನ್ನೋರು. ಕಬಿನಿ ಕಟ್ಟೆಯ ಗೇಟು ತೆಗೆದರೆ ಹೊಳೆದಂಡೆಯ ಗದ್ದೆಗೆ ನೀರು ನುಗ್ಗುತ್ತದೆ ಅನ್ನುವ ಭಯ. ನನ್ನ ಲೆಕ್ಕದಲ್ಲಿ ಕಾವೇರಿ ಒಂದು ಕಡೆಯವಳು, ಕಬಿನಿ ಇನ್ನೊಂದು ಕಡೆಯವಳು, ದೂರದಿಂದ ಬಂದು ನಮ್ಮೂರಲ್ಲಿ ಮೊದಲ ಸಲ ಮುಖ ನೋಡಿದವರು. ಇಲ್ಲಿ ನೋಡಿದರೆ ಎರಡಕ್ಕೂ ನೀರು ಕೊಡುವ ಹುಲ್ಲು ನನ್ನ ಎಡಗಾಲು ಬಲಗಾಲಿನ ಪಕ್ಕ ಇದೆ. ಕಣ್ಣಲ್ಲಿ ನೀರು ಬಂತು. ಜೊತೆಯವರು ಹೊಗೆಸೊಪ್ಪಿನ ಘಾಟು ಅಂದುಕೊಂಡರು, ಹಾಗೇ ಅಂದುಕೊಳ್ಳಲಿ ಅಂತ ಬಿಟ್ಟೆ.

"ಹಂಗಾದ್ರೆ ಇಲ್ಲಿ ಬಿದ್ದ ಮಳೆ ಎಲ್ಲಾ ನಮಗೇ" ಅಂದೆ.

"ಎಲ್ಲಿ ಎಲ್ಲಾ?" ಅಂತ ನಕ್ಕು ಅಣ್ಣ ಪಶ್ಚಿಮಕ್ಕೆ ಕೈ ತೋರಿಸಿದರು. ಆ ಕಡೆಯ ಇಳಿಜಾರಿನ ನೀರು ಬರಪೊಳೆಗೆ. ಅದು ಕೇರಳಕ್ಕೆ ಇಳಿದು ವಳಪಟ್ಟಣಂ ಹೊಳೆಯಾಗಿ ಅರಬ್ಬಿ ಸಮುದ್ರ ಸೇರುತ್ತದೆ. ಅಂದರೆ ಕೇರಳದ ತಿರುನೆಲ್ಲಿಯ ಮಳೆ ಕರ್ನಾಟಕಕ್ಕೆ ಬರುತ್ತದೆ, ಕೊಡಗಿನ ಈ ಮೂಲೆಯ ಮಳೆ ಕೇರಳಕ್ಕೆ ಹೋಗುತ್ತದೆ. ಕೇರಳದ 44 ನದಿಗಳಲ್ಲಿ ಪೂರ್ವಕ್ಕೆ ಹರಿಯುವವು ಮೂರೇ, ಅದರಲ್ಲೊಂದು ಕಬಿನಿ ಅಂತ ಶಾಲೆಯಲ್ಲಿ ಯಾರಾದರೂ ಹೇಳಿಕೊಟ್ಟಿದ್ದರೋ ಏನೋ. ಹೇಳಿದ್ದರೂ ಬಾಟಲಿ ಚೆಲ್ಲಿ ತೋರಿಸಿರಲಿಲ್ಲ.

ಶಿಖರದ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಹತ್ತಿದೆವು, ಗಾಳಿ ಜೋರಿತ್ತು, ಮೋಡ ಮುಚ್ಚಿತು. ಏಣಿನ ದಾರಿಯಲ್ಲಿ ಆನೆಯ ಲದ್ದಿ ಹಸಿಯಾಗಿತ್ತು, ಅದಕ್ಕೇ ಅಣ್ಣ ಬೇಗ ಇಳಿಸಿದರು. ಪಕ್ಷಿಪಾತಾಳದ ಗವಿಗಳನ್ನು ನೋಡಬೇಕೆಂಬ ಆಸೆಯಿತ್ತು; ಅದು ಕೇರಳದ ಪಾಲು, ಅನುಮತಿಯೂ ಅಲ್ಲಿಯವರದೇ.

ಮರುದಿನ ಕುಟ್ಟ, ತೋಲ್ಪೆಟ್ಟಿ ಮೇಲೆ ಬಸ್ಸು ಬದಲಿಸಿಕೊಂಡು ತಿರುನೆಲ್ಲಿಗೆ ಹೋದೆ. ಜೊತೆಯವರು ಬರಲಿಲ್ಲ, ಅವರಿಗೆ ಕಾಲುನೋವು. ದಾರಿಯಲ್ಲಿ ತೆಟ್ಟ್ ರೋಡಿನ ಉಣ್ಣಿಯಪ್ಪ ತಿನ್ನದೆ ಹೋಗಬೇಡಿ, ಬಾಣಲೆಯಿಂದ ಆಗಷ್ಟೇ ತೆಗೆದದ್ದನ್ನು ಕೇಳಿ ಪಡೆಯಿರಿ. ದೇವಸ್ಥಾನದ ಹಿಂದೆ ಕಲ್ಲುಕಂಬಗಳ ಮೇಲೆ ಕಲ್ಲಿನದೇ ದೋಣಿಗಳನ್ನು ಜೋಡಿಸಿ ಬೆಟ್ಟದ ನೀರನ್ನು ಅಂಗಳಕ್ಕೆ ತಂದಿದ್ದಾರೆ. ನೀರಿಲ್ಲದ ದೇವಸ್ಥಾನಕ್ಕೆ ಚಿರಕ್ಕಲ್ ರಾಣಿ ಮಾಡಿಸಿಕೊಟ್ಟದ್ದಂತೆ. ನನ್ನ ಕಣ್ಣಿಗೆ ಗೋಪುರಗಳಿಗಿಂತ ಅದೇ ಚೆಂದ. ಪಾಪನಾಶಿನಿಯಲ್ಲಿ ಪಿತೃಕಾರ್ಯ ಮಾಡಿಸುವವರ ಸಾಲಿತ್ತು. ಪಕ್ಕದಲ್ಲಿ ನಿಂತಿದ್ದ ಮಲಯಾಳಿ ಅಮ್ಮನೊಬ್ಬರು ನೀರಲ್ಲಿ ಕೈ ಅದ್ದಿ ತಲೆಗೆ ಹಚ್ಚಿಕೊಳ್ಳುತ್ತಾ ನೀವು ಎಲ್ಲಿಂದ ಅಂತ ಕೇಳಿದರು. ನನ್ನ ಮುರುಕಲು ಮಲಯಾಳದಲ್ಲಿ, ಈ ನೀರು ಹೋಗುವ ಊರಿನವಳು ಅಂದೆ. ಅವರಿಗೆ ಅರ್ಥವಾಗಲಿಲ್ಲ. "ಮೈಸೂರು" ಅಂದೆ, ಆಗ ತಲೆಯಾಡಿಸಿದರು.