ಲಕ್ಕುಂಡಿಯ ಬಾವಿ ಮೆಟ್ಟಿಲ ಮೇಲೆ ಸಿಕ್ಕ ಸಬ್‌ಮರೀನ್ ಕಾಕಾ

ನಾವು ಗದಗಿಗೆ ಹೋಗಿದ್ದು ಗುಡಿಗಳನ್ನು ನೋಡಲು. ತ್ರಿಕೂಟೇಶ್ವರ, ವೀರನಾರಾಯಣ ಎಲ್ಲ ಫೋಟೋದಲ್ಲಿ ಬಂದಿವೆ. ಆದರೆ ಮೈಸೂರಿಗೆ ವಾಪಸ್ ಬಂದು ವಾರವಾದರೂ ತಲೆಯಲ್ಲಿ ಸುತ್ತುತ್ತಿರುವುದು ಲಕ್ಕುಂಡಿಯ ಒಂದು ಮಧ್ಯಾಹ್ನ. ಸಮುದ್ರವೇ ಇಲ್ಲದ ಆ ಊರಲ್ಲಿ ಮೂರು ಗಂಟೆ ಕೂತು ಸಬ್‌ಮರೀನ್ ಕಥೆ ಕೇಳಿದೆವು.

ಅದಕ್ಕೆ ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಇನ್ನೂ ಹೊಟ್ಟೆ ಉರಿಯುತ್ತಿದೆ. ಹುಬ್ಬಳ್ಳಿಯಲ್ಲಿ ಒಂದು ಕಾರು ಗೊತ್ತು ಮಾಡಿ ಮುಂಗಡ ಕೊಟ್ಟಿದ್ದೆವು. ಏಳಕ್ಕೆ ಬರಬೇಕಾದ ಡ್ರೈವರ್ ಒಂಬತ್ತಕ್ಕೆ ಫೋನ್ ಆಫ್ ಮಾಡಿದ. ದುಡ್ಡೂ ಹೋಯಿತು, ಬೆಳಗಿನ ಒಳ್ಳೆಯ ಬೆಳಕೂ ಹೋಯಿತು. ನೀವು ಗದಗಿನವರೆಗೆ ರೈಲಿನಲ್ಲಿ ಬನ್ನಿ. ಲಕ್ಕುಂಡಿ ಅಲ್ಲಿಂದ ಬರೀ 12 ಕಿ.ಮೀ. ಕೊಪ್ಪಳದ ಕಡೆಯ ಬಸ್ ಹತ್ತಿ. ಹತ್ತುವ ಮೊದಲು ಲಕ್ಕುಂಡಿಯಲ್ಲಿ ನಿಲ್ಲಿಸ್ತೀರಾ ಅಂತ ಕಂಡಕ್ಟರನ್ನು ಕೇಳಿಕೊಳ್ಳಿ.

ಕಾಶಿ ವಿಶ್ವನಾಥ ಗುಡಿಯ ಬಾಗಿಲವಾಡದ ಕೆತ್ತನೆ ನೋಡಿ ಕಣ್ಣು ತುಂಬಿತು. ಹಿಂದಿನ ದಿನ ಗದಗಿನಲ್ಲಿ ಕೆರೆಯ ದೊಡ್ಡ ಬಸವಣ್ಣನ ಪ್ರತಿಮೆ ನೋಡಿದ್ದೆವು. ನನಗೆ ಅದು ಅಷ್ಟು ಹಿಡಿಸಲಿಲ್ಲ. ಬೆರಳಗಲದ ಈ ಹೂಬಳ್ಳಿಯ ಮುಂದೆ ಆ ಎತ್ತರ ಏನೂ ಅಲ್ಲ ಅನ್ನಿಸಿತು.

ಬಿಸಿಲು ಏರಿದಾಗ ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಗೆ ಬಂದೆವು. ಮೂರು ಕಡೆಯಿಂದ ಮೆಟ್ಟಿಲು ಇಳಿಯುತ್ತವೆ. ಮೆಟ್ಟಿಲ ನಡುವೆ ಪುಟ್ಟ ಪುಟ್ಟ ಗೂಡುಗುಡಿಗಳು. ಕೆಳಗೆ ಹಸಿರು ನೀರು. "ಎಷ್ಟು ಆಳ ಇರಬಹುದು?" ಅಂತ ನನ್ನ ಗಂಡನನ್ನು ಕೇಳಿದೆ. ಉತ್ತರ ಬಂದಿದ್ದು ಹಿಂದಿನ ಮೆಟ್ಟಿಲಿನಿಂದ.

"ನೀರಿನ ಆಳ ಕೇಳಬ್ಯಾಡ್ರಿ, ಭಾರ ಕೇಳ್ರಿ."

ಬಿಳಿ ಧೋತರ, ಹೆಗಲ ಮೇಲೆ ಟವೆಲ್ಲು, ಎಪ್ಪತ್ತು ದಾಟಿದ ವಯಸ್ಸು. ಪಕ್ಕದಲ್ಲಿ ಹತ್ತು ವರ್ಷದ ಮೊಮ್ಮಗ. ಅಲ್ಲೇ ಹತ್ತಿರದ ಹಳ್ಳಿಯ ರೈತರು. ಅದಕ್ಕೂ ಮೊದಲು ನೌಕಾಪಡೆಯಲ್ಲಿ ಹನ್ನೆರಡು ವರ್ಷ ಸಬ್‌ಮರೀನಿನಲ್ಲಿ ಇದ್ದವರು. ಸುತ್ತಲಿನವರೆಲ್ಲ ಕಾಕಾ ಅನ್ನುತ್ತಿದ್ದರು, ನಾವೂ ಕಾಕಾ ಅಂದೆವು. ಅವರು ನನ್ನನ್ನು ಯವ್ವಾ ಅಂದರು.

"ಹತ್ತು ಮೀಟರ್ ಕೆಳಗ ಹೋದ್ರ, ಉಗುರಿನಷ್ಟು ಜಾಗಾದ ಮ್ಯಾಲೆ ಒಂದು ಕೆ.ಜಿ. ಭಾರ ಹೆಚ್ಚಾಗತೈತಿ. ನಮ್ಮ ಬೋಟ್ ಇನ್ನೂರ ಮೀಟರ್ ಹೋದ್ರ ಇಪ್ಪತ್ತ ಕೆ.ಜಿ. ಇಡೀ ಬೋಟಿನ ಮೈಮ್ಯಾಲೆ ಎಷ್ಟಾತು ಲೆಕ್ಕಾ ಹಾಕ್ರಿ."

ಸಬ್‌ಮರೀನನ್ನು ಅವರು ಬೋಟ್ ಅಂತಲೇ ಕರೆಯುವುದು. ಮುಳುಗುವುದು ಕಷ್ಟದ ಕೆಲಸವೇ ಅಲ್ಲವಂತೆ. ಹೊರಮೈಯಲ್ಲಿ ಟ್ಯಾಂಕುಗಳಿರುತ್ತವೆ. ಅವಕ್ಕೆ ಸಮುದ್ರದ ನೀರು ಬಿಟ್ಟರೆ ತುಂಬಿದ ಕೊಡದ ಹಾಗೆ ಬೋಟ್ ಕೆಳಗಿಳಿಯುತ್ತದೆ. ಒತ್ತಿ ತುಂಬಿಟ್ಟ ಗಾಳಿ ಬಿಟ್ಟು ನೀರನ್ನು ಹೊರಗೆ ತಳ್ಳಿದರೆ ಮೇಲೆ ಬರುತ್ತದೆ. "ತ್ರಾಸು ಇರೂದು ಉಸಿರಿಂದು, ಯವ್ವಾ. ನಾನೂರ ವರ್ಷದಿಂದ ಎಲ್ಲಾರೂ ಒದ್ದಾಡಿದ್ದು ಬರೇ ಉಸಿರಿಗೆ."

ಆ ಮಾತು ನನ್ನನ್ನು ಅಲ್ಲೇ ಕೂರಿಸಿತು. ಗಂಡ ಬ್ರಹ್ಮ ಜಿನಾಲಯ ನೋಡಿ ಬರುತ್ತೇನೆ ಅಂತ ಎದ್ದವರು ಮತ್ತೆ ಕೂತರು.

ಕಾಕಾ 1620ರಿಂದ ಶುರು ಮಾಡಿದರು. ಡ್ರೆಬೆಲ್ ಎಂಬ ಡಚ್ಚರವನು ಮರದ ದೋಣಿಗೆ ಎಣ್ಣೆ ಸವರಿದ ತೊಗಲು ಹೊದಿಸಿ, ಲಂಡನ್ನಿನ ಥೇಮ್ಸ್ ನದಿಯ ನೀರೊಳಗೆ ಹುಟ್ಟು ಹಾಕಿಸಿದ. 1776ರಲ್ಲಿ ಅಮೆರಿಕದವರು 'ಟರ್ಟಲ್' ಎಂಬ ಮೊಟ್ಟೆಯಾಕಾರದ ಮರದ ಪೀಪಾಯಿಯಲ್ಲಿ ಒಬ್ಬನನ್ನು ಕೂರಿಸಿ, ಬ್ರಿಟಿಷ್ ಹಡಗಿನ ತಳಕ್ಕೆ ಸಿಡಿಮದ್ದು ಕಟ್ಟಲು ಕಳಿಸಿದರು. ಕೆಲಸ ಆಗಲಿಲ್ಲ. ಒಳಗಿದ್ದ ಗಾಳಿ ಅರ್ಧ ಗಂಟೆಗೆ ಮಾತ್ರ ಸಾಕಾಗುವಷ್ಟಿತ್ತು.

ಆಮೇಲೆ 'ಹನ್ಲಿ' ಕಥೆ. ಇದನ್ನು ಹೇಳುವಾಗ ಕಾಕಾ ದನಿ ತಗ್ಗಿತು. ಅಮೆರಿಕದ ಅಂತರ್ಯುದ್ಧದ ಕಾಲ. ಎಂಜಿನ್ ಇಲ್ಲ. ಕಬ್ಬಿಣದ ಕೊಳವೆಯೊಳಗೆ ಸಾಲಾಗಿ ಕೂತ ಏಳು ಜನ ಹಿಂದಿನ ಪಂಖವನ್ನು ಕೈಯಿಂದ ತಿರುಗಿಸಬೇಕು, ಎಂಟನೆಯವನು ದಾರಿ ನೋಡಬೇಕು. ಪರೀಕ್ಷೆ ಮಾಡುವಾಗಲೇ ಎರಡು ಸಲ ಮುಳುಗಿ 13 ಜನ ಸತ್ತರು. ಅದನ್ನು ಮಾಡಿಸಿದ, ಅದೇ ಹೆಸರಿನ ಹನ್ಲಿಯೂ ಅದರಲ್ಲೇ ಹೋದ. ಎರಡು ಸಲವೂ ಮೇಲೆತ್ತಿದರು, ಮತ್ತೆ ಎಂಟು ಜನ ಹತ್ತಿದರು. 1864ರ ಫೆಬ್ರವರಿ 17ರ ರಾತ್ರಿ ಶತ್ರು ಹಡಗನ್ನು ಮುಳುಗಿಸಿದರು. ಸಬ್‌ಮರೀನ್ ಒಂದು ಯುದ್ಧದಲ್ಲಿ ಹಡಗನ್ನು ಮುಳುಗಿಸಿದ್ದು ಅದೇ ಮೊದಲು. ಅವರೂ ವಾಪಸ್ ಬರಲಿಲ್ಲ.

"ಎರಡು ಸಾವಿರದ ಇಸ್ವಿಯೊಳಗ ಅದನ್ನ ಮ್ಯಾಲೆ ಎತ್ತಿದ್ರು. ಎಂಟೂ ಮಂದಿ ತಮ್ಮ ತಮ್ಮ ಜಾಗಾದಾಗ ಹಂಗ ಇದ್ರು. ಬಾಗಿಲ ಕಡೆ ಯಾರೂ ಓಡಿದ್ದಿಲ್ಲ." ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೊಮ್ಮಗ ನೀರಿಗೆ ಕಲ್ಲು ಎಸೆಯುವುದನ್ನೂ ನಿಲ್ಲಿಸಿದ್ದ.

1900ರ ಹೊತ್ತಿಗೆ ಜಾನ್ ಹಾಲೆಂಡ್ ಎಂಬವನು ನೀರ ಮೇಲೆ ಓಡಲು ಪೆಟ್ರೋಲ್ ಎಂಜಿನ್, ಕೆಳಗೆ ಓಡಲು ಬ್ಯಾಟರಿ ಮೋಟಾರ್ ಎರಡನ್ನೂ ಒಂದೇ ಬೋಟಿನಲ್ಲಿ ಕೂಡಿಸಿದ. ಮುಂದೆ ಪೆಟ್ರೋಲ್ ಹೋಗಿ ಡೀಸೆಲ್ ಬಂತು. ಎರಡು ಮಹಾಯುದ್ಧಗಳನ್ನು ಆ ಜಾತಿಯ ಬೋಟುಗಳೇ ಮಾಡಿದವು. ಕಾಕಾ ಇದ್ದದ್ದೂ ಅಂಥದರಲ್ಲೇ. ರಷ್ಯಾದಿಂದ ಬಂದ ಫಾಕ್ಸ್‌ಟ್ರಾಟ್. ನಮ್ಮ ಮೊದಲ ಸಬ್‌ಮರೀನ್ ಕಲ್ವರಿ 1967ರ ಡಿಸೆಂಬರ್ 8ರಂದು ನೌಕಾಪಡೆಗೆ ಸೇರಿತು. ಈಗಲೂ ಆ ದಿನವೇ ಸಬ್‌ಮರೀನ್ ದಿನ. ಅದೇ ಜಾತಿಯ ಕುರ್ಸುರಾ ವಿಶಾಖಪಟ್ಟಣದ ಕಡಲತಡಿಯಲ್ಲಿ ಮ್ಯೂಸಿಯಂ ಆಗಿ ನಿಂತಿದೆ. "ಒಳಗ ಹೋಗಿ ನೋಡಿ ಬರ್ರಿ, ನಾ ಹೇಳೂದು ತಿಳೀತೈತಿ" ಅಂದರು.

ಬ್ಯಾಟರಿ ಮುಗಿಯುತ್ತಾ ಬಂದರೆ ಬೋಟ್ ಮೇಲ್ಮೈ ಹತ್ತಿರ ಬಂದು ಸ್ನಾರ್ಕೆಲ್ ಎಂಬ ಕೊಳವೆಯನ್ನು ನೀರಿನಿಂದ ಆಚೆ ಚಾಚುತ್ತದೆ. ಅದರಿಂದ ಗಾಳಿ ಎಳೆದುಕೊಂಡು ಡೀಸೆಲ್ ಎಂಜಿನ್ ಓಡಿಸಿ ಬ್ಯಾಟರಿ ತುಂಬಬೇಕು. ಶತ್ರು ಕಣ್ಣಿಗೆ ಬೀಳುವುದೂ ಆಗಲೇ. ದೊಡ್ಡ ಅಲೆ ಬಂದರೆ ಕೊಳವೆಯ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ. ಎಂಜಿನ್ ಮಾತ್ರ ನಿಲ್ಲುವುದಿಲ್ಲ, ಒಳಗಿರುವ ಗಾಳಿಯನ್ನೇ ಎಳೆಯಲು ಶುರು ಮಾಡುತ್ತದೆ. "ಕಿವಿ ಪಟ್ ಅಂತಾವ. ಮಲಗಿದಾವ ಎದ್ದು ಕುಂದ್ರತಾನ." ಸಿಹಿನೀರು ಕುಡಿಯಲು, ಅಡಿಗೆಗೆ. ಸ್ನಾನದ ಮಾತೇ ಇಲ್ಲ. "ನೀರಿನ ಬೆಲಿ ನನಗ ಯಾರೂ ಕಲಸೂದು ಬೇಕಾಗಿದ್ದಿಲ್ಲ. ಗದಗಿನ ಕಡ್ಯಾವ ನಾ."

ಹೆದರಿಕೆ ಆಗುತ್ತಿರಲಿಲ್ಲವಾ ಅಂತ ಕೇಳಿದೆ. ಕೆಲಸದಲ್ಲಿದ್ದಾಗ ಇಲ್ಲ ಅಂದರು. 2013ರ ಆಗಸ್ಟಿನಲ್ಲಿ ಮುಂಬೈ ಬಂದರಿನಲ್ಲೇ ನಮ್ಮ ನೌಕಾಪಡೆಯ ಸಬ್‌ಮರೀನ್ ಸಿಂಧುರಕ್ಷಕ ಸಿಡಿದು 18 ಜನ ಹೋದರು. ಆಗ ಕಾಕಾ ಹೊಲದಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದರಂತೆ. ಸುದ್ದಿ ಕೇಳಿ ಎರಡು ದಿನ ಊಟ ಸೇರಲಿಲ್ಲ. "ಅವರು ಯಾರೂ ನನಗ ಗೊತ್ತಿದ್ದಿಲ್ಲ. ಆದ್ರೂ ನಮ್ಮವ್ರ ಅಲ್ಲೇನು?"

ಅಣುಶಕ್ತಿ ಬಂದ ಮೇಲೆ ಉಸಿರಿನ ಕಥೆಯೇ ಬದಲಾಯಿತು. ಅಮೆರಿಕದ ನಾಟಿಲಸ್ 1958ರಲ್ಲಿ ಹಿಮದ ಅಡಿಯಿಂದಲೇ ಉತ್ತರ ಧ್ರುವವನ್ನು ದಾಟಿತು. ನಮ್ಮ ಅರಿಹಂತ್ ಕೂಡ ಅಣುಶಕ್ತಿಯದೇ. ಇಂಥ ಬೋಟುಗಳ ಎಂಜಿನ್ನಿಗೆ ಗಾಳಿಯೇ ಬೇಡ, ಜನರ ಉಸಿರಿಗೆ ನೀರಿನಿಂದಲೇ ಆಮ್ಲಜನಕ ಮಾಡಿಕೊಳ್ಳಬಹುದು. ಒಳಗಿಟ್ಟ ಊಟ ಮುಗಿಯುವವರೆಗೂ ಕೆಳಗೇ ಇರಬಹುದು.

ಆದರೆ ಕಾಕಾ ಕಣ್ಣು ಅರಳಿದ್ದು ಯುದ್ಧದ ಬೋಟಿಗಲ್ಲ, 'ಮತ್ಸ್ಯ 6000' ಹೆಸರು ಬಂದಾಗ. ಚೆನ್ನೈನ ಸಾಗರ ತಂತ್ರಜ್ಞಾನ ಸಂಸ್ಥೆಯವರು ಸಿದ್ಧಮಾಡುತ್ತಿರುವ ಪುಟ್ಟ ವಾಹನ ಅದು. 2.1 ಮೀಟರ್ ಅಗಲದ ಟೈಟಾನಿಯಂ ಗೋಳ, ಒಳಗೆ ಮೂರು ಜನ. 6000 ಮೀಟರ್ ಇಳಿಯಬೇಕು. ಅಲ್ಲಿನ ಖನಿಜದ ಗಟ್ಟಿಗಳನ್ನು ನೋಡಬೇಕು, ಜೀವಿಗಳನ್ನೂ ಹುಡುಕಬೇಕು. 1977ರಲ್ಲಿ ಆಲ್ವಿನ್ ಎಂಬ ಇಂಥದೇ ವಾಹನ ಗಲಪಗೋಸ್ ದ್ವೀಪಗಳ ಹತ್ತಿರ ಇಳಿದಾಗ, ಬಿಸಿಲೇ ಕಾಣದ ತಳದಲ್ಲಿ ಬಿಸಿನೀರ ಬುಗ್ಗೆಗಳ ಸುತ್ತ ಜೀವಿಗಳ ದೊಡ್ಡ ಸಂಸಾರವೇ ಸಿಕ್ಕಿತ್ತು.

"ಆರು ಸಾವಿರ ಮೀಟರ್! ಉಗುರಿನಷ್ಟ ಜಾಗಾದ ಮ್ಯಾಲೆ ಆರು ಕ್ವಿಂಟಲ್ ಜ್ವಾಳ ಹೇರಿದಂಗ." ಮಾಮೂಲು ಕೆಲಸಕ್ಕೆ ಹನ್ನೆರಡು ಗಂಟೆ, ಏನಾದರೂ ಕೆಟ್ಟರೆ 96 ಗಂಟೆಗೆ ಸಾಕಾಗುವಷ್ಟು ಉಸಿರಿನ ಏರ್ಪಾಡು ಅದರಲ್ಲಿ ಇರಬೇಕಂತೆ. ಆ 96 ಅನ್ನು ಅವರು ಎರಡು ಸಲ ಹೇಳಿದರು.

ಊಟಕ್ಕೆ ಮನೆಗೇ ಕರೆದುಕೊಂಡು ಹೋದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಇಡೀ ಪ್ರವಾಸದಲ್ಲಿ ಅದಕ್ಕಿಂತ ಒಳ್ಳೆಯ ಊಟ ಸಿಗಲಿಲ್ಲ. ಉಳಿದ ಎರಡು ದಿನ ಧಾರವಾಡ, ಉಣಕಲ್ ಕೆರೆ ಅಂತ ತಿರುಗಿದೆವು, ಬರೆಯುವಂಥದ್ದೇನಿಲ್ಲ.

ಆ ದಿನ ಸಂಜೆ ಕಾಕಾ ಊರಿನಿಂದ ಹೊರಡುವ ಮೊದಲು ಹೊಲದ ಬಾವಿ ತೋರಿಸಿದರು. ಕಾಕಾ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತ ಬಾವಿ. ಮೊಮ್ಮಗ ಅಂಗಿ ತೆಗೆದು ಧುಮುಕಿದ. ನೀರು ಮುಚ್ಚಿಕೊಂಡಿತು. ಕಾಕಾ ಮೆಲ್ಲಗೆ ಎಣಿಸತೊಡಗಿದರು. ಇಪ್ಪತ್ತು ದಾಟಿತು, ಮೂವತ್ತು ದಾಟಿತು. ನನಗೆ ಎದೆ ಹೊಡೆದುಕೊಳ್ಳುತ್ತಿತ್ತು, ಅವರು ನೀರಿನಿಂದ ಕಣ್ಣು ತೆಗೆಯಲಿಲ್ಲ. ಹುಡುಗ ಆಚೆ ದಡದಲ್ಲಿ ತಲೆ ಎತ್ತಿದ.

"ಎಷ್ಟಾತು ಅಜ್ಜಾ?"

"ಮೂವತ್ತೆಂಟು. ನಿನ್ನೆಕಿಂತ ಎರಡು ಹೆಚ್ಚು."